ಹೋಂಸ್ಟೇಯಲ್ಲಿ ಮನೆ ಉಳಿದೀತೇ? ನಿವೃತ್ತರ ಆತಿಥ್ಯಕ್ಕೆ ಎದುರಾದ ಇಕ್ಕಟ್ಟು

ಮಡಿಕೇರಿ: ಕೊಡಗು, ಚಿಕ್ಕಮಗಳೂರು ಹಾಗೂ ಹಾಸನ ಜಿಲ್ಲೆಯ ಸಕಲೇಶಪುರ ಭಾಗದ ಕಾಫಿ ತೋಟಗಳ ನಡುವೆ ಅತಿಥಿಗಳಿಗೆ ಮನೆಯ ಬಾಗಿಲು ತೆರೆದವರಲ್ಲಿ ನಿವೃತ್ತರದು ಒಂದು ಪ್ರಮುಖ ವರ್ಗ. ಸೇನೆಯಿಂದ ಮರಳಿದವರು, ಬ್ಯಾಂಕು ಮತ್ತು ಸರ್ಕಾರಿ ನೌಕರಿಯಿಂದ ಬಿಡುಗಡೆ ಪಡೆದವರು, ಮಕ್ಕಳನ್ನು ಬೆಂಗಳೂರಿಗೋ ವಿದೇಶಕ್ಕೋ ಕಳುಹಿಸಿ ತೋಟದ ಮನೆಯಲ್ಲಿ ಇಬ್ಬರೇ ಉಳಿದ ದಂಪತಿ ಈ ಸಾಲಿನಲ್ಲಿದ್ದಾರೆ. ಎರಡು ದಶಕಗಳ ಹಿಂದೆ ಐವತ್ತರ ಹರೆಯದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಅವರ ನಂತರ ಈ ಮನೆಗಳ ಗತಿಯೇನು ಎಂಬ ಪ್ರಶ್ನೆ ಮಲೆನಾಡಿನಲ್ಲಿ ಈಗ ಮೆಲ್ಲನೆ ತಲೆಯೆತ್ತಿದೆ.

ಮೇಲ್ನೋಟಕ್ಕೆ ಇದು ಕೆಲವು ಕುಟುಂಬಗಳ ಖಾಸಗಿ ವಿಚಾರ. ಆದರೆ ಹೋಂಸ್ಟೇ ಎಂಬ ಪರಿಕಲ್ಪನೆ ನಿಂತಿರುವುದೇ ಮನೆಯಲ್ಲಿ ಮನೆಯವರು ಇದ್ದಾರೆ ಎಂಬ ಒಂದೇ ಆಧಾರದ ಮೇಲೆ. ಆ ಆಧಾರ ಸಡಿಲಗೊಂಡರೆ ಸುರಕ್ಷತೆ, ತೆರಿಗೆ, ಬೆಟ್ಟದ ಇಳಿಜಾರಿನ ರಕ್ಷಣೆ ಎಲ್ಲವೂ ಬೇರೆಯೇ ರೂಪ ಪಡೆಯುತ್ತವೆ. ಆದುದರಿಂದ ಇದು ಸಾರ್ವಜನಿಕ ಚರ್ಚೆಗೆ ಅರ್ಹವಾದ ವಿಷಯ.

ಕಾಫಿ ಕುಸಿದಾಗ ತೆರೆದ ಬಾಗಿಲು

ದೇಶದ ಒಟ್ಟು ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯ ಕರ್ನಾಟಕ. ಅದರಲ್ಲಿ ಕೊಡಗಿಗೆ ಅಗ್ರಸ್ಥಾನ. 1990ರ ದಶಕದ ಮಧ್ಯಭಾಗದವರೆಗೂ ಬೆಳೆಗಾರರು ಕಾಫಿಯನ್ನು ಮಂಡಳಿಯ ಸಂಗ್ರಹಕ್ಕೆ ಒಪ್ಪಿಸುವ ವ್ಯವಸ್ಥೆಯಿತ್ತು. ಅದು ಹಂತಹಂತವಾಗಿ ಸಡಿಲಗೊಂಡು ಮುಕ್ತ ಮಾರುಕಟ್ಟೆ ಬಂದಾಗ ಮೊದಲ ಕೆಲವು ವರ್ಷ ಉತ್ತಮ ದರ ದೊರೆಯಿತು. ಬಳಿಕ ಬಂದದ್ದು ಕುಸಿತ. 2001ರ ವೇಳೆಗೆ ಅಂತರರಾಷ್ಟ್ರೀಯ ಕಾಫಿ ದರ 3 ದಶಕಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿಯಿತು. ಸಾಲದ ಕಂತು, ಕಾರ್ಮಿಕರ ಕೂಲಿ, ಗೊಬ್ಬರದ ವೆಚ್ಚ ಯಾವುದೂ ಇಳಿಯಲಿಲ್ಲ.

ಇದೇ ಅವಧಿಯಲ್ಲಿ ಇನ್ನೊಂದು ಬೆಳವಣಿಗೆ ನಡೆಯಿತು. 2000-01ರಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆಯನ್ನು ಜಾರಿಗೆ ತಂದವು. ದೇಶದಾದ್ಯಂತ ಸುಮಾರು ಒಂದು ಲಕ್ಷ ನೌಕರರು ಅದರಡಿ ಹೊರನಡೆದರು. ಬ್ಯಾಂಕಿಂಗ್ ಕ್ಷೇತ್ರದಲ್ಲಿ ಕನ್ನಡ ನಾಡಿನ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನವರ ಸಂಖ್ಯೆ ದೊಡ್ಡದು. ದುಡಿಯುವ ಶಕ್ತಿಯಿದ್ದೂ ನೌಕರಿಯಿಲ್ಲದ, ಕೈಯಲ್ಲಿ ಇಡಿಗಂಟು ಇದ್ದ, ಊರಿನಲ್ಲಿ ಹಿರಿಯರ ಮನೆಯಿದ್ದ ಒಂದು ಪೀಳಿಗೆ ಹೀಗೆ ರೂಪುಗೊಂಡಿತು.

ಮೂರನೆಯ ಅಂಶ ಬೆಂಗಳೂರು. ಸಾಫ್ಟ್‌ವೇರ್ ಉದ್ಯಮದ ಬೆಳವಣಿಗೆಯೊಡನೆ ವಾರಕ್ಕೆ ಐದು ದಿನ ದುಡಿದು ಎರಡು ದಿನ ಊರು ಬಿಟ್ಟು ಹೋಗುವ ವರ್ಗ ಹುಟ್ಟಿಕೊಂಡಿತು. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರ ಮೂರೂ ರಾಜಧಾನಿಯಿಂದ 220ರಿಂದ 260 ಕಿ.ಮೀ. ಅಂತರದಲ್ಲಿವೆ. ಶುಕ್ರವಾರ ರಾತ್ರಿ ಹೊರಟು ಭಾನುವಾರ ಸಂಜೆ ಮರಳಲು ತಕ್ಕ ದೂರ. ಅಂದು ಈ ಊರುಗಳಲ್ಲಿ ಉತ್ತಮ ಹೋಟೆಲುಗಳು ವಿರಳ. ತೋಟದ ಮನೆಗಳಲ್ಲಿ ಮಾತ್ರ ಖಾಲಿ ಕೊಠಡಿಗಳಿದ್ದವು.

ದೊಡ್ಡ ಕುಟುಂಬಕ್ಕೆಂದು ಕಟ್ಟಿಸಿದ ಮನೆ, ಅಡುಗೆಯಲ್ಲಿ ಪಳಗಿದ ಕೈ, ಅತಿಥಿ ಬಂದರೆ ಊಟ ಹಾಕದೆ ಕಳುಹಿಸದ ರೂಢಿ. ಬಂಡವಾಳವೆಂದರೆ ಇಷ್ಟೇ. ಕೊಡಗಿನಲ್ಲಿ ಕಡಂಬುಟ್ಟು, ನೂಪುಟ್ಟು, ಕಾಚಂಪುಳಿ ಹಾಕಿದ ಪಂದಿಕರಿ. ಮಲೆನಾಡಿನಲ್ಲಿ ಅಕ್ಕಿರೊಟ್ಟಿ, ಪತ್ರೊಡೆ, ಕಳಲೆ ಪಲ್ಯ. ಇವು ಹೋಟೆಲಿನ ಪಟ್ಟಿಯಲ್ಲಿ ಸಿಗುವ ಪದಾರ್ಥಗಳಾಗಿರಲಿಲ್ಲ. ಬಿಸಿನೀರಿನ ವ್ಯವಸ್ಥೆ, ಒಂದೆರಡು ಹೊಸ ಶೌಚಾಲಯ, ಹೊಸ ಹಾಸಿಗೆ ಇವಿಷ್ಟನ್ನು ಸೇರಿಸಿ ಅನೇಕರು ಕೆಲಸ ಆರಂಭಿಸಿದರು.

ಲೆಕ್ಕಾಚಾರ ಹೇಳುವುದೇನು?

ನಿವೃತ್ತರಿಗೆ ಈ ಆದಾಯ ಎಷ್ಟು ಮಹತ್ವದ್ದು ಎಂಬುದನ್ನು ತಿಳಿಯಲು ಒಂದು ಅಂದಾಜು ಲೆಕ್ಕ ಸಾಕು. 3 ಕೊಠಡಿಗಳ ಮನೆ, ಕೊಠಡಿಗೆ ದಿನಕ್ಕೆ 3,000 ರೂಪಾಯಿ, ವಾರಾಂತ್ಯದ 2 ರಾತ್ರಿ, ವರ್ಷದಲ್ಲಿ 30 ವಾರ ಭರ್ತಿ ಎಂದಿಟ್ಟುಕೊಳ್ಳೋಣ. ವಾರ್ಷಿಕ ಸಂಗ್ರಹ 5.40 ಲಕ್ಷ ರೂಪಾಯಿ. ದಿನಸಿ, ಬಟ್ಟೆ ಒಗೆತ, ಸಹಾಯಕರ ಸಂಬಳ, ದುರಸ್ತಿ, ವಿದ್ಯುತ್ ಇವಕ್ಕೆ ಅರ್ಧದಷ್ಟು ಹೋದರೂ 2.70 ಲಕ್ಷ ಉಳಿಯುತ್ತದೆ. ಅಂದರೆ ತಿಂಗಳಿಗೆ 22,500 ರೂಪಾಯಿ.

ಇದನ್ನು ಠೇವಣಿಯೊಡನೆ ಹೋಲಿಸಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಲ್ಲಿ ಆರಂಭವಾದಾಗ ಬಡ್ಡಿ ಶೇ 9ರಷ್ಟಿತ್ತು. 2023ರ ಏಪ್ರಿಲ್‌ನಲ್ಲಿ ಅದನ್ನು ಶೇ 8.2ಕ್ಕೆ ನಿಗದಿಪಡಿಸಲಾಯಿತು, ಠೇವಣಿಯ ಮಿತಿಯೂ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಶೇ 8.2ರ ದರದಲ್ಲಿ ಪೂರ್ಣ 30 ಲಕ್ಷ ಇಟ್ಟವರಿಗೆ ವರ್ಷಕ್ಕೆ ದೊರೆಯುವುದು 2.46 ಲಕ್ಷ. ಅಂದರೆ ಮೂರು ಕೊಠಡಿಗಳು 30 ಲಕ್ಷ ರೂಪಾಯಿಯ ಠೇವಣಿಗೆ ಸಮನಾಗಿ ದುಡಿಯುತ್ತವೆ. ಅಷ್ಟು ಹಣ ಕೂಡಿಟ್ಟ ನಿವೃತ್ತರು ಎಷ್ಟು ಮಂದಿ?

ಪಿಂಚಣಿಯ ಸ್ಥಿತಿಯೂ ಎಲ್ಲರಿಗೂ ಒಂದೇ ಆಗಿಲ್ಲ. ಖಾಸಗಿ ಕ್ಷೇತ್ರದ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಮೊತ್ತವನ್ನು 2014ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 1,000 ರೂಪಾಯಿಗೆ ನಿಗದಿಪಡಿಸಲಾಯಿತು. ರಾಜ್ಯ ಸರ್ಕಾರಿ ಸೇವೆಗೆ 2006ರ ಏಪ್ರಿಲ್ 1ರ ನಂತರ ಸೇರಿದವರನ್ನು ಹೊಸ ಪಿಂಚಣಿ ವ್ಯವಸ್ಥೆಗೆ ಒಳಪಡಿಸಲಾಯಿತು. ಸಣ್ಣ ಬೆಳೆಗಾರನಿಗಂತೂ ನಿವೃತ್ತಿಯೇ ಇಲ್ಲ, ಪಿಂಚಣಿಯ ಮಾತು ದೂರ. 2024ರಲ್ಲಿ ರೊಬಸ್ಟಾ ಹಾಗೂ 2025ರ ಆರಂಭದಲ್ಲಿ ಅರೇಬಿಕಾ ದರ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ದಾಖಲೆ ಕಂಡವು. ಆದರೆ ಕಾಫಿಯ ಏರಿಳಿತವನ್ನು ಒಮ್ಮೆ ಅನುಭವಿಸಿದವರು ಅದೊಂದನ್ನೇ ನೆಚ್ಚಿಕೊಂಡು ಅತಿಥಿಗಳ ಕೊಠಡಿಗೆ ಬೀಗ ಹಾಕುವುದು ಕಷ್ಟ.

ಹಣವೊಂದೇ ಕಾರಣವಲ್ಲ. ದೇಶದಲ್ಲಿ 60 ದಾಟಿದವರ ಸಂಖ್ಯೆ 2011ರ ಜನಗಣತಿಯಂತೆ 10.38 ಕೋಟಿ, ಒಟ್ಟು ಜನಸಂಖ್ಯೆಯ ಶೇ 8.6. ಈ ಪ್ರಮಾಣ 2050ರ ವೇಳೆಗೆ ಶೇ 20ನ್ನು ಮೀರಲಿದೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಅಂದಾಜಿಸಿದೆ. ಮಕ್ಕಳು ದೂರವಿರುವ ಮನೆಯಲ್ಲಿ, ಹತ್ತಿರದ ನೆರೆಮನೆಯೂ ಒಂದು ತೋಟದಾಚೆ ಇರುವಲ್ಲಿ, ವಾರಕ್ಕೊಮ್ಮೆ ಬರುವ ಅತಿಥಿಗಳು ತರುವುದು ಮಾತುಕತೆಯನ್ನೂ ಹೌದು. ಆದರೆ ಅತಿಥಿ ಬಂದ ದಿನ ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುವವರು ಬಹುತೇಕ ಮನೆಯೊಡತಿಯರೇ. ಕೊಠಡಿಯ ದರ ಚರ್ಚಿಸುವಾಗ ಈ ದುಡಿಮೆ ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂಬುದು ಗಮನಾರ್ಹ.

ನಿಯಮ ಬಯಸುವುದು ಮಾಲೀಕನ ವಾಸ

ಸರ್ಕಾರಗಳು ಹೋಂಸ್ಟೇಗಳತ್ತ ಗಮನ ಹರಿಸಿದ್ದು ಕೊಠಡಿಗಳ ಕೊರತೆ ನೀಗುವ ಉದ್ದೇಶದಿಂದ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸಜ್ಜಾಗುತ್ತಿದ್ದ ದೆಹಲಿಯಲ್ಲಿ ಮನೆಯಲ್ಲೇ ವಸತಿ ಮತ್ತು ಉಪಾಹಾರ ನೀಡುವವರ ನೋಂದಣಿಗೆ 2007ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿತು. ಹಿಮಾಚಲ ಪ್ರದೇಶ 2008ರಲ್ಲಿ, ಉತ್ತರಾಖಂಡ 2018ರಲ್ಲಿ ತಮ್ಮದೇ ಯೋಜನೆಗಳನ್ನು ರೂಪಿಸಿದವು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಂತೆ ಕನಿಷ್ಠ 1, ಗರಿಷ್ಠ 6 ಕೊಠಡಿ ಅಥವಾ 12 ಹಾಸಿಗೆಗಳಿಗೆ ಅವಕಾಶ. ಚಿನ್ನ ಮತ್ತು ಬೆಳ್ಳಿ ಎಂಬ ಎರಡು ದರ್ಜೆ. ಎಲ್ಲಕ್ಕಿಂತ ಮುಖ್ಯವಾದ ಷರತ್ತು, ಮಾಲೀಕ ಹಾಗೂ ಆತನ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು ಎಂಬುದು.

ಈ ಷರತ್ತಿನ ಹಿಂದೆ ತರ್ಕವಿದೆ. ಮನೆಯವರು ಇದ್ದಲ್ಲಿ ಅತಿಥಿಯ ಗುರುತು, ರಾತ್ರಿಯ ಗದ್ದಲ, ಮಕ್ಕಳು ತೋಟದ ಕೆರೆಗಿಳಿಯುವುದು ಇತ್ಯಾದಿಗಳ ಮೇಲೆ ಸಹಜವಾಗಿಯೇ ಒಂದು ಕಣ್ಣಿರುತ್ತದೆ. ಲಾಡ್ಜಿಗೆ ಬೇಕಾದ ಕಾವಲು, ದಾಖಲೆ, ಸಿಬ್ಬಂದಿಯ ಕಟ್ಟುಪಾಡುಗಳಿಂದ ಮನೆಗೆ ರಿಯಾಯಿತಿ ನೀಡಲು ಇದೇ ಆಧಾರ.

ಕ್ಷೇತ್ರದಲ್ಲಿ ಕಾಣುವ ಚಿತ್ರ ಬೇರೆ. ವಯಸ್ಸಾದ ಮಾಲೀಕರು ಮಂಡಿನೋವು, ಹೃದ್ರೋಗ, ಮಧುಮೇಹದ ಕಾರಣಕ್ಕೆ ಮೈಸೂರಿಗೋ ಬೆಂಗಳೂರಿನ ಮಗಳ ಮನೆಗೋ ತೆರಳುತ್ತಾರೆ. ಮನೆಯನ್ನು ಪಾಳು ಬಿಡಲಾಗದೆ ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆದಾರ ಮತ್ತೆರಡು ಕೊಠಡಿ ಸೇರಿಸುತ್ತಾನೆ, ಡೇರೆ ಹಾಕುತ್ತಾನೆ, ಧ್ವನಿವರ್ಧಕ ತರುತ್ತಾನೆ. ಫಲಕದ ಮೇಲೆ ಹೋಂಸ್ಟೇ ಎಂಬ ಹೆಸರು ಹಾಗೆಯೇ ಇರುತ್ತದೆ. ಕಾಗದದಲ್ಲಿ ಅದು ಮನೆ, ವ್ಯವಹಾರದಲ್ಲಿ ವ್ಯವಸ್ಥಾಪಕನಿಲ್ಲದ ಲಾಡ್ಜು.

ಇದರ ಏಟು ಬೀಳುವುದು ಇನ್ನೂ ಮನೆಯಲ್ಲೇ ಇದ್ದು ಅತಿಥಿಗಳನ್ನು ನೋಡಿಕೊಳ್ಳುತ್ತಿರುವ ಪಕ್ಕದ ತೋಟದ ದಂಪತಿಗೆ. ಗುತ್ತಿಗೆದಾರ ಹತ್ತು ಮಂದಿಯ ಗುಂಪಿಗೆ ತಲಾ ಲೆಕ್ಕದಲ್ಲಿ ದರ ಇಳಿಸಬಲ್ಲ. ಇವರಿಂದ ಅದು ಸಾಧ್ಯವಿಲ್ಲ. ಗದ್ದಲದ ಕುರಿತು ಗ್ರಾಮಸ್ಥರ ಆಕ್ರೋಶ ಹುಟ್ಟಿದಾಗ ಮಾತ್ರ ಎಲ್ಲ ಹೋಂಸ್ಟೇಗಳೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ.

ಸುರಕ್ಷತೆ: ಕಾಗದಕ್ಕೂ ಕಣ್ಗಾವಲಿಗೂ ಇರುವ ಅಂತರ

ಹೋಂಸ್ಟೇಗಳ ಭದ್ರತೆ ರಾಜ್ಯದಲ್ಲಿ ದೊಡ್ಡ ಚರ್ಚೆಯಾದದ್ದು 2012ರ ಜುಲೈನಲ್ಲಿ, ಮಂಗಳೂರಿನ ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ದಾಳಿ ನಡೆಸಿದಾಗ. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಕಾಲುವೆ ಬಳಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ಭೀಕರ ದೌರ್ಜನ್ಯ ನಡೆಯಿತು. ಅಂದು ದೌರ್ಜನ್ಯಕ್ಕೆ ಗುರಿಯಾದವರಲ್ಲಿ ಅತಿಥಿಗಳನ್ನು ಕರೆದೊಯ್ದಿದ್ದ ಹೋಂಸ್ಟೇ ಒಡತಿಯೂ ಇದ್ದರು. ಪ್ರವಾಸಿಯೊಬ್ಬರು ಕಾಲುವೆಯಲ್ಲಿ ಪ್ರಾಣ ಕಳೆದುಕೊಂಡರು. ಆತಿಥ್ಯ ನೀಡುವವರೂ ಅಪಾಯದಿಂದ ಹೊರತಲ್ಲ ಎಂಬುದನ್ನು ಈ ಪ್ರಕರಣ ತೋರಿಸಿತು.

2024ರ ನವೆಂಬರ್‌ನಲ್ಲಿ ಮಂಗಳೂರು ಸಮೀಪದ ಸೋಮೇಶ್ವರದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸಾವನ್ನಪ್ಪಿದರು. ತೋಟದ ಮನೆಗಳಲ್ಲಿ ಈಜುಕೊಳಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಇದು ಎಚ್ಚರಿಕೆಯ ಗಂಟೆ. ಗಾಳಿಯಾಡದ ಸ್ನಾನದ ಕೋಣೆಯಲ್ಲಿ ಅಳವಡಿಸಿದ ಗ್ಯಾಸ್ ಗೀಸರ್ ಇನ್ನೊಂದು ಅಪಾಯ. ಅದರಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ಒಳಗಿರುವವರಿಗೆ ಅರಿವಾಗುವ ಮುನ್ನವೇ ಪ್ರಜ್ಞೆ ತಪ್ಪಿಸುತ್ತದೆ. ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ಕಾಲಕ್ಕೆ ಕಟ್ಟಿದ ಬಚ್ಚಲುಮನೆಗೆ ಗೀಸರ್ ಸೇರಿಸುವಾಗ ಕಿಟಕಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಕಾಗದಪತ್ರಗಳ ಭಾರ ಹಿರಿಯರಿಗೆ ಇನ್ನೊಂದು ತೊಡಕು. ವಿದೇಶಿ ಅತಿಥಿ ಬಂದರೆ 24 ಗಂಟೆಗಳ ಒಳಗೆ ನಿಗದಿತ ನಮೂನೆಯನ್ನು ಆನ್‌ಲೈನ್ ಮೂಲಕ ಸಲ್ಲಿಸಬೇಕು. ಊಟ ನೀಡುವುದಕ್ಕೆ ಆಹಾರ ಸುರಕ್ಷತಾ ನೋಂದಣಿ ಬೇಕು. ಪ್ರವಾಸೋದ್ಯಮ ಇಲಾಖೆ, ಪೊಲೀಸ್ ಠಾಣೆ, ಗ್ರಾಮ ಪಂಚಾಯಿತಿ ಇವುಗಳ ಬಾಗಿಲಿಗೂ ಹೋಗಬೇಕು. ಮೊಬೈಲ್ ಸಂಕೇತವೇ ಸರಿಯಾಗಿ ಸಿಗದ ಕಣಿವೆಯಲ್ಲಿ ಕುಳಿತ ಎಪ್ಪತ್ತರ ವೃದ್ಧರು ಒಂದೊಂದು ಜಾಲತಾಣದಲ್ಲೂ ಒಂದೊಂದು ಗುಪ್ತಪದ ನೆನಪಿಟ್ಟುಕೊಳ್ಳಬೇಕು. ಪರಿಣಾಮವಾಗಿ ನಿಯಮ ಪಾಲಿಸಬಯಸುವವರು ದಣಿಯುತ್ತಾರೆ, ಪಾಲಿಸದವರು ನೋಂದಣಿಯಿಲ್ಲದೆಯೇ ಜಾಹೀರಾತು ನೀಡುತ್ತಾರೆ.

ತೆರಿಗೆಯ ಗೊಂದಲ

ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಗಿಂತ ಕಡಿಮೆಯಿರುವ ಸಣ್ಣ ಸೇವಾದಾರರಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಮೇಲಿನ ಉದಾಹರಣೆಯ ಮನೆ ಈ ಮಿತಿಯ ಬಹಳ ಕೆಳಗಿದೆ. ಆದರೆ ಅತಿಥಿ ಆನ್‌ಲೈನ್ ವೇದಿಕೆಯ ಮೂಲಕ ಕೊಠಡಿ ಕಾಯ್ದಿರಿಸಿದರೆ, ಮಾಲೀಕ ನೋಂದಣಿ ಪಡೆಯದಿದ್ದರೂ ಆ ವೇದಿಕೆಯೇ ತೆರಿಗೆ ಕಟ್ಟಬೇಕೆಂಬ ನಿಯಮವಿದೆ. ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ದರದ ಕೊಠಡಿಗಳಿಗಿದ್ದ ವಿನಾಯಿತಿ 2022ರ ಜುಲೈ 18ರಂದು ರದ್ದಾಗಿ ಶೇ 12ರ ತೆರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೊಠಡಿಗಳಿಗೆ ತೆರಿಗೆಯನ್ನು ಶೇ 5ಕ್ಕೆ ಇಳಿಸಲಾಯಿತು.

ಶೇ 12ರ ಕಾಲದಲ್ಲಿ 3,000 ರೂಪಾಯಿಯ ಕೊಠಡಿಗೆ 360 ರೂಪಾಯಿ ಸೇರುತ್ತಿತ್ತು. ಶೇ 5ರಂತೆ ಸೇರುವುದು 150. ಇಳಿಕೆ ಸ್ವಾಗತಾರ್ಹವೇ. ಆದರೆ ವೇದಿಕೆಯ ಕಮಿಷನ್ ಪ್ರತ್ಯೇಕ. ಆದುದರಿಂದಲೇ ಹಳಬರು ಪರಿಚಿತರ ಮೂಲಕ, ದೂರವಾಣಿಯಲ್ಲೇ ಅತಿಥಿಗಳನ್ನು ಒಪ್ಪಿಕೊಳ್ಳಲು ಇಷ್ಟಪಡುತ್ತಾರೆ. ಬರುವವರು ಯಾರೆಂಬುದೂ ಆಗ ತಿಳಿದಿರುತ್ತದೆ.

ಆದಾಯ ತೆರಿಗೆಯ ವಿಚಾರದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ತೋಟದ ಮನೆಯಿಂದ ಬಂದದ್ದೆಲ್ಲ ಕೃಷಿ ಆದಾಯ ಎಂಬ ಭಾವನೆ ಸರಿಯಲ್ಲ. ಬೆಳೆಗೆ ದೊರೆಯುವ ರಿಯಾಯಿತಿ ಅತಿಥಿಗಳಿಂದ ಬರುವ ಬಾಡಿಗೆ, ಊಟದ ಹಣಕ್ಕೆ ಅನ್ವಯಿಸದು. ಈ ಎರಡರ ಲೆಕ್ಕವನ್ನು ಬೇರೆ ಬೇರೆಯಾಗಿ ಇಡದವರು ಮುಂದೆ ತೊಂದರೆಗೆ ಸಿಲುಕುವುದು ಖಚಿತ.

ಮಳೆ ಮತ್ತು ಇಳಿಜಾರು

2018ರ ಆಗಸ್ಟ್ ತಿಂಗಳ ಮಳೆ ಕೊಡಗಿನ ಮಟ್ಟಿಗೆ ಒಂದು ಗಡಿರೇಖೆ. ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಬೆಟ್ಟಗಳು ಕುಸಿದು ಮನೆ, ತೋಟ, ರಸ್ತೆಗಳು ಮಣ್ಣುಪಾಲಾದವು. 2019ರಲ್ಲಿ ಮತ್ತೆ ಪ್ರವಾಹ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಭೂಕುಸಿತ. ಅದೇ ವರ್ಷದ ಮಾರ್ಚ್‌ನಿಂದ ಕೋವಿಡ್ ಲಾಕ್‌ಡೌನ್. ಮೂರು ವರ್ಷಗಳಲ್ಲಿ ಮೂರು ಪೆಟ್ಟು ತಿಂದ ಹೋಂಸ್ಟೇಗಳಲ್ಲಿ ಬಾಗಿಲು ಮುಚ್ಚಿದವು ಮತ್ತೆ ತೆರೆಯುವುದು ಸುಲಭವಾಗಿರಲಿಲ್ಲ.

2018ರ ಅನಾಹುತದ ಬಳಿಕ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ, ಭಾರಿ ಮಳೆಯೊಡನೆ ಇಳಿಜಾರುಗಳನ್ನು ಅವೈಜ್ಞಾನಿಕವಾಗಿ ಕಡಿದದ್ದು, ನೀರಿನ ಸಹಜ ಹರಿವಿಗೆ ತಡೆಯೊಡ್ಡಿದ್ದು ಕುಸಿತಕ್ಕೆ ಕಾರಣವೆಂದು ಬೊಟ್ಟುಮಾಡಿತು. ಇಲ್ಲಿಯೂ ಹಳೆಯ ಮನೆಗೂ ಹೊಸ ಕಟ್ಟಡಕ್ಕೂ ಇರುವ ಭೇದ ಮುಖ್ಯ. ಹಿರಿಯರು ನೀರಿನ ಹರಿವು, ಗಾಳಿಯ ದಿಕ್ಕು ನೋಡಿ ಸಮತಟ್ಟಾದ ಜಾಗದಲ್ಲಿ ಕಟ್ಟಿದ ಮನೆಗೆ ಬೆಟ್ಟ ಕಡಿಯುವ ಅಗತ್ಯವಿರಲಿಲ್ಲ. ಕಣಿವೆಯ ನೋಟಕ್ಕಾಗಿಯೇ ಇಳಿಜಾರಿನ ಅಂಚಿನಲ್ಲಿ ಯಂತ್ರ ಇಳಿಸಿ ನೆಲ ಸಮ ಮಾಡುವುದು ಈಚಿನ ಪದ್ಧತಿ. ಇರುವ ಮನೆಯ ಇರುವ ಕೊಠಡಿಯನ್ನೇ ಅತಿಥಿಗೆ ಬಿಟ್ಟುಕೊಡುವುದು ಪ್ರವಾಸೋದ್ಯಮದಲ್ಲಿ ಬೆಟ್ಟಕ್ಕೆ ಅತ್ಯಂತ ಕಡಿಮೆ ಹಾನಿ ಮಾಡುವ ಮಾರ್ಗ. ನೀತಿ ರೂಪಿಸುವವರು ಈ ಅಂಶಕ್ಕೆ ಸಿಗಬೇಕಾದ ಬೆಲೆ ಕೊಟ್ಟಿಲ್ಲ.

ಮಳೆಗಾಲದಲ್ಲಿ ಜಿಲ್ಲಾಡಳಿತ ಪ್ರವಾಸಿಗರ ಮೇಲೆ ನಿರ್ಬಂಧ ಹೇರುವುದು ಜೀವರಕ್ಷಣೆಯ ದೃಷ್ಟಿಯಿಂದ ಸರಿಯೇ. ಆದರೆ ಮುಂಗಡ ಹಣ ಮರಳಿಸುವ ಹೊಣೆ ಮಾಲೀಕರ ಮೇಲೆ ಬೀಳುತ್ತದೆ. ದೊಡ್ಡ ರೆಸಾರ್ಟುಗಳು ಇದನ್ನು ತಾಳಿಕೊಂಡಾವು. ಆ ಹಣದಿಂದಲೇ ತಿಂಗಳ ಔಷಧ ಕೊಳ್ಳುವ ದಂಪತಿ ತಾಳಲಾರರು.

ಆಗಬೇಕಾದುದೇನು?

2025ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲ ನೀಡುವುದಾಗಿ ಪ್ರಕಟಿಸಲಾಯಿತು. ರಾಜ್ಯ ಸರ್ಕಾರವೂ 2024-29ರ ಅವಧಿಗೆ ಹೊಸ ಪ್ರವಾಸೋದ್ಯಮ ನೀತಿ ತಂದಿದೆ. ಸಾಲದಿಂದ ಹೊಸಬರಿಗೆ ಅನುಕೂಲವಾದೀತು. ಆದರೆ ಎಪ್ಪತ್ತು ದಾಟಿದವರಿಗೆ ಬೇಕಿರುವುದು ಹೊಸ ಸಾಲವಲ್ಲ, ಇರುವುದನ್ನು ನಡೆಸಿಕೊಂಡು ಹೋಗಲು ಆಸರೆ.

ಮೊದಲನೆಯದಾಗಿ, ಮಾಲೀಕರು ವಾಸವಿರುವ ಮನೆ ಮತ್ತು ಗುತ್ತಿಗೆಗೆ ನೀಡಿದ ಕಟ್ಟಡ ಇವೆರಡನ್ನು ನೋಂದಣಿಯಲ್ಲೇ ಬೇರ್ಪಡಿಸಬೇಕು. ಗುತ್ತಿಗೆಗೆ ಕೊಡುವುದು ಅಪರಾಧವಲ್ಲ. ಆದರೆ ಅಂತಹ ಕಟ್ಟಡ ಲಾಡ್ಜಿನ ನಿಯಮಗಳಿಗೆ ಒಳಪಡಬೇಕು, ಅದೇ ಹೆಸರಿನಲ್ಲಿ ವ್ಯಾಪಾರ ನಡೆಸಬೇಕು. ಎರಡನೆಯದಾಗಿ, ಮಾಲೀಕರೇ ವಾಸವಿರುವ 3 ಕೊಠಡಿಯೊಳಗಿನ ಮನೆಗಳಿಗೆ ಒಂದೇ ಅರ್ಜಿ, ಒಂದೇ ತಪಾಸಣೆ ಸಾಕೆಂಬ ವ್ಯವಸ್ಥೆ ಬರಬೇಕು. ಗ್ರಾಮ ಪಂಚಾಯಿತಿಯಲ್ಲೇ ಈ ಕೆಲಸ ಮುಗಿದರೆ ಹಿರಿಯರು ಜಿಲ್ಲಾ ಕೇಂದ್ರಕ್ಕೆ ಅಲೆಯುವುದು ತಪ್ಪುತ್ತದೆ. ತಪಾಸಣೆ ಗೀಸರ್, ವಿದ್ಯುತ್ ಸಂಪರ್ಕ, ಕೆರೆ ಬಾವಿಗಳ ಬೇಲಿ ಇವುಗಳತ್ತ ಇರಲಿ, ಕಡತದ ಪುಟಗಳತ್ತ ಅಲ್ಲ.

ಮೂರನೆಯದು ವಿಮೆ. ಅತಿಥಿ ಜಾರಿ ಬಿದ್ದರೆ, ಆಡಳಿತದ ಆದೇಶದಿಂದ ಬಾಗಿಲು ಮುಚ್ಚಬೇಕಾಗಿ ಬಂದರೆ ನೆರವಾಗುವ ಸಾಮೂಹಿಕ ವಿಮೆಯನ್ನು ಬೆಳೆಗಾರರ ಸಹಕಾರ ಸಂಘಗಳ ಮೂಲಕ ರೂಪಿಸುವುದು ಅಸಾಧ್ಯವೇನಲ್ಲ. ನಾಲ್ಕನೆಯದು ಆರೋಗ್ಯ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದರೂ ಗಂಭೀರ ಸ್ಥಿತಿಯ ರೋಗಿಗಳನ್ನು ಸುಮಾರು 120 ಕಿ.ಮೀ. ದೂರದ ಮೈಸೂರಿಗೆ ಅಥವಾ ಘಟ್ಟ ಇಳಿದು ಮಂಗಳೂರಿಗೆ ಸಾಗಿಸಬೇಕಾದ ಪ್ರಸಂಗಗಳು ತಪ್ಪಿಲ್ಲ. ವಯಸ್ಸಾದವರು ತೋಟದ ಮನೆ ತೊರೆಯಲು ಅತಿಥಿಗಳ ಕೊರತೆಗಿಂತ ವೈದ್ಯರ ಕೊರತೆಯೇ ಹೆಚ್ಚು ಕಾರಣವಾಗಬಲ್ಲದು. ಪ್ರವಾಸೋದ್ಯಮ ನೀತಿ ಬರೆಯುವಾಗ ಆಂಬುಲೆನ್ಸ್ ಹೋಗಬಲ್ಲ ರಸ್ತೆಯೂ ನೆನಪಿರಬೇಕು.

ನಗರದ ಪ್ರವಾಸಿಗರ ಪಾಲೂ ಇಲ್ಲಿದೆ. ಕೊಠಡಿ ಕಾಯ್ದಿರಿಸುವ ಮುನ್ನ ಮನೆಯವರು ಅಲ್ಲಿ ವಾಸವಿದ್ದಾರೆಯೇ, ನೋಂದಣಿಯಾಗಿದೆಯೇ ಎಂದು ಎರಡು ಪ್ರಶ್ನೆ ಕೇಳುವುದು ಕಷ್ಟವಲ್ಲ. ಹಣ ಕೊಟ್ಟಿದ್ದೇವೆಂಬ ಕಾರಣಕ್ಕೆ ನಡುರಾತ್ರಿ ಕಾಫಿ ಕೇಳುವುದು, ಕೊನೆಯ ಗಳಿಗೆಯಲ್ಲಿ ಬರುವುದಿಲ್ಲವೆಂದು ಸಂದೇಶ ಕಳುಹಿಸುವುದು ಇವನ್ನು ಬಿಟ್ಟರೂ ಸಾಕು. ಐದು ಮಂದಿಗೆಂದು ನೆನೆಹಾಕಿದ ಅಕ್ಕಿ ಇಬ್ಬರೇ ಇರುವ ಮನೆಯಲ್ಲಿ ವ್ಯರ್ಥವಾಗುತ್ತದೆ.

ಕೊಡಗು, ಮಲೆನಾಡಿನ ಆತಿಥ್ಯಕ್ಕೆ ಹೆಸರು ತಂದುಕೊಟ್ಟವರಲ್ಲಿ ಈ ಹಿರಿಯರೂ ಇದ್ದಾರೆ. ಮುಂದಿನ ಹತ್ತು ವರ್ಷಗಳಲ್ಲಿ ಅವರಲ್ಲಿ ಬಹುತೇಕರು ಈ ಕೆಲಸದಿಂದ ಹಿಂದೆ ಸರಿಯುವುದು ಅನಿವಾರ್ಯ. ಅವರ ಮನೆಗಳು ಮಕ್ಕಳ ಕೈಗೆ ಸೇರುತ್ತವೆಯೇ, ಗುತ್ತಿಗೆದಾರರ ಪಾಲಾಗುತ್ತವೆಯೇ ಅಥವಾ ಬೀಗ ಬೀಳುತ್ತದೆಯೇ ಎಂಬುದು ಸರ್ಕಾರ ಈಗ ಎಳೆಯುವ ಗೆರೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆ ಗೆರೆ ಸ್ಪಷ್ಟವಾಗದಿದ್ದರೆ ಹೋಂಸ್ಟೇ ಎಂಬ ಫಲಕಗಳು ಇನ್ನಷ್ಟು ಹೆಚ್ಚಿಯಾವು. ಬಾಗಿಲಲ್ಲಿ ನಿಂತು ಒಳಗೆ ಕರೆಯುವವರು ಮಾತ್ರ ಇರಲಾರರು.